ಹಾಡಿಗೆ ಮೊದಲೇ ಸಿದ್ಧವಾದ ತೀರ್ಪು

ಪ್ರಿಯ ಗೆಳೆಯ,

ಅಮೆರಿಕದ ಕಪ್ಪು ಜನರ ಬಗ್ಗೆ ಕೆಟ್ಟ ಅಭಿಪ್ರಾಯ ಹುಟ್ಟಲು ಅವರಲ್ಲೇ ಹುಟ್ಟಿದ, ತಾಳಕ್ಕೆ ತಕ್ಕಂತೆ ಮಾತಿನ ಧಾಟಿಯಲ್ಲಿ ಹೇಳುವ ರ‍್ಯಾಪ್ ಹಾಡುಗಳೇ ಕಾರಣವೆಂದು ನೀನು ಬರೆದದ್ದನ್ನು ಪೂರ್ತಿ ಅಲ್ಲಗಳೆಯಲಾರೆ. ಬಂದೂಕು, ಬಡಿದಾಟಗಳ ಚಿತ್ರಣ ಚೆನ್ನಾಗಿ ಮಾರಾಟವಾಗುತ್ತದೆಂದು ಕಂಡುಕೊಂಡ ಕಂಪನಿಗಳು ಅದನ್ನೇ ಮುಂದೆ ಮಾಡಿದ್ದೂ ಉಂಟು. ಆದರೆ ಹಾಡು ಕೇಳುವ ಮೊದಲೇ ಕೇಳುಗನ ತೀರ್ಪು ಸಿದ್ಧವಾಗಿರಬಹುದು ಎಂಬುದರ ಕಡೆಗೆ ನಿನ್ನ ಗಮನ ಹರಿದಂತಿಲ್ಲ.

ಕ್ಯಾರಿ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲಿ ನಡೆಸಿದ ಪ್ರಯೋಗವೊಂದನ್ನು ನೋಡು. ಅಧಿಕಾರಿಯೊಬ್ಬನನ್ನು ಗುಂಡಿಕ್ಕಿ ಕೊಂದವನು ತನ್ನ ಕಥೆ ಹೇಳುವ, ಬಿಳಿಯ ಗಾಯಕರು 1960ರ ಸುಮಾರಿಗೆ ಹಾಡಿದ್ದ ಜಾನಪದ ಶೈಲಿಯ ಗೀತೆಯ ಸಾಲುಗಳನ್ನು ಆಕೆ ಜನರಿಗೆ ಓದಲು ಕೊಟ್ಟರು. ಇದು ರ‍್ಯಾಪ್ ಎಂದು ಕೆಲವರಿಗೆ, ಬಿಳಿಯ ಹಳ್ಳಿಗರದೆಂದು ಹೆಸರಾದ ಕಂಟ್ರಿ ಸಂಗೀತವೆಂದು ಇನ್ನು ಕೆಲವರಿಗೆ ಹೇಳಲಾಗಿತ್ತು. ಒಂದಕ್ಷರವೂ ಬದಲಾಗದ ಅದೇ ಸಾಲುಗಳು ರ‍್ಯಾಪ್ ಎಂದು ನಂಬಿದವರಿಗೆ ಹೆಚ್ಚು ಅಪಾಯಕಾರಿಯಾಗಿ, ಹತೋಟಿಯಲ್ಲಿಡಬೇಕಾದವುಗಳಾಗಿ ತೋರಿದವು. ಹಾಡಿದವನು ಕಪ್ಪು ವರ್ಣದವನೆಂದು ತಿಳಿದವರ ಪ್ರತಿಕ್ರಿಯೆಯೂ ಹಾಗೆಯೇ ಇತ್ತು.

ಹೀಗೆ ತೀರ್ಪು ಹೊತ್ತು ಕೇಳುವ ಈ ಕಿವಿ ನಿನ್ನೆ ಮೊನ್ನೆ ತಯಾರಾದದ್ದಲ್ಲ. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು 'ಜಿಮ್ ಕ್ರೋ' ಎಂಬ ಪಾತ್ರವಾಗಿ ಕುಣಿದು ಹಾಡಿ ಹೆಸರು ಮಾಡಿದ. ಕಪ್ಪು ಜನರ ಒಡನಾಟವೇ ಇಲ್ಲದ ಅನೇಕ ಪ್ರೇಕ್ಷಕರು ಅವರನ್ನು ಮೊದಲು ಕಂಡದ್ದು ಇಂಥ ಅಣಕದಲ್ಲಿ. ಮುಂದೆ ಬಣ್ಣದ ಆಧಾರದ ಮೇಲೆ ಜನರನ್ನು ಬೇರ್ಪಡಿಸಿದ ಕಾನೂನುಗಳಿಗೂ ಆ ಪಾತ್ರದ ಹೆಸರೇ ಅಂಟಿಕೊಂಡಿತು.

1920ರ ದಶಕದ ಧ್ವನಿಮುದ್ರಿಕೆ ಕಂಪನಿಗಳು ಅಷ್ಟು ಒರಟಾಗಿರಲಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅವುಗಳ ಕೆಲಸ ಹೆಚ್ಚು ಕಾಲ ಬಾಳಿತು. ಕಪ್ಪು ಕಲಾವಿದರದು 'ರೇಸ್ ರೆಕಾರ್ಡ್ಸ್' (ಜನಾಂಗದ ಮುದ್ರಿಕೆಗಳು), ಅಮೆರಿಕದ ದಕ್ಷಿಣ ಭಾಗದ ಬಿಳಿಯರದು 'ಹಿಲ್‌ಬಿಲಿ' (ಗುಡ್ಡಗಾಡಿನವರು) ಎಂದು ಅವು ಪಟ್ಟಿಗಳನ್ನೇ ಬೇರೆ ಮಾಡಿದವು. ಪಿಟೀಲು, ಬ್ಯಾಂಜೋ ನುಡಿಸುತ್ತಿದ್ದ ಕಪ್ಪು ವಾದ್ಯಗಾರರು ಈ ವಿಂಗಡಣೆಗೆ ಹೊಂದದ ಕಾರಣ ಅವರ ಸಂಗೀತ ಧ್ವನಿಮುದ್ರಣವಾದದ್ದೇ ಕಡಿಮೆ. ಆಫ್ರಿಕನ್ ಗುಲಾಮರ ಪರಂಪರೆಯಿಂದ ಬಂದ ಬ್ಯಾಂಜೋ ಕೊನೆಗೆ ಬಿಳಿಯ ಗುಡ್ಡಗಾಡಿನವರ ವಾದ್ಯವೆನಿಸಿತು! ಅಮೆರಿಕದ ಸಂಗೀತೋದ್ಯಮದ 'ಬಿಲ್‌ಬೋರ್ಡ್' ಪತ್ರಿಕೆ ತನ್ನ ಜನಪ್ರಿಯ ಹಾಡುಗಳ ಪಟ್ಟಿಯಿಂದ 'ರೇಸ್' ಎಂಬ ಹೆಸರನ್ನು ಕೈಬಿಟ್ಟದ್ದು 1949ರಲ್ಲಿ.

ಇದು ಬರೀ ಅಭಿರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ರ‍್ಯಾಪ್ ಸಾಲುಗಳನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಅಮೆರಿಕದ ನ್ಯಾಯಾಲಯಗಳಲ್ಲಿ ಓದಲಾಗಿದೆ. ಅಂಥ ಸಾಕ್ಷ್ಯವನ್ನು ಒಪ್ಪುವ ಮುನ್ನ ಅದು ಜನಾಂಗೀಯ ಪೂರ್ವಗ್ರಹವನ್ನು ಕೆರಳಿಸೀತೇ ಎಂದು ನ್ಯಾಯಾಧೀಶರು ತೂಗಿ ನೋಡಬೇಕೆಂದು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನು ಮಾಡಬೇಕಾಯಿತು. ಕಂಟ್ರಿ ಹಾಡಿನ ಕೊಲೆಗಾರನನ್ನು ಕಥೆಯ ಪಾತ್ರವೆಂದು ಸುಮ್ಮನೆ ಬಿಡುವವರು ರ‍್ಯಾಪ್ ಹಾಡಿನವನ ಮಾತನ್ನು ಮಾತ್ರ ತಪ್ಪೊಪ್ಪಿಗೆಯೆಂದು ಏಕೆ ಓದುತ್ತಾರೆ? ಇದಕ್ಕೆ ನಿನ್ನ ಉತ್ತರವನ್ನು ಬಿಡುವಾದಾಗ ವಿವರವಾಗಿ ಬರೆ.

ಇಂತಿ,
ನಿನ್ನ ಗೆಳೆಯ