ಫೀಸಿಲ್ಲದ ಟ್ಯೂಷನ್

ಕೆಮ್ನಿಟ್ಸ್, ಜರ್ಮನಿ
18 ಜನವರಿ 2026, ಭಾನುವಾರ ರಾತ್ರಿ

ಅಪ್ಪ, ಅಮ್ಮ, ಪುಟ್ಟು,

ನಾನು ಚೆನ್ನಾಗಿದ್ದೇನೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಸಿಗಲಿಲ್ಲ, ಇಲ್ಲಿ ಸಿಕ್ಕ ಶೇಂಗಾ ಮತ್ತು ಕಂದು ಸಕ್ಕರೆಯಲ್ಲೇ ಮುಗಿಸಿದೆ.

ಮೊನ್ನೆ ಫೋನಿನಲ್ಲಿ ಅಪ್ಪ "ಓದೋಕೆ ಹೋದವನು ಟ್ಯೂಷನ್ ಹೇಳ್ಕೊಂಡು ಕೂತಿದ್ದೀಯಂತೆ" ಅಂದರಲ್ಲ, ಉತ್ತರ ಕೊಡುವಷ್ಟರಲ್ಲಿ ಲೈನ್ ಕಟ್ಟಾಯಿತು. ಆಮೇಲೆ ನಾಲ್ಕು ಸಲ ವಾಯ್ಸ್ ಮೆಸೇಜ್ ಮಾಡಿ ಅಳಿಸಿದೆ. ಬರೆಯುವುದೇ ವಾಸಿ ಅನ್ನಿಸಿತು.

ಇದು ನಮ್ಮೂರಿನ ಟ್ಯೂಷನ್ ಥರ ಅಲ್ಲ. ಪ್ರೊಫೆಸರ್ ದೊಡ್ಡ ಹಾಲ್‌ನಲ್ಲಿ ಪಾಠ ಮಾಡಿ ಹೋಗುತ್ತಾರೆ. ಆಮೇಲೆ ಚಿಕ್ಕ ರೂಮಿನಲ್ಲಿ ಇಪ್ಪತ್ತು ಚಿಲ್ಲರೆ ಹುಡುಗರು ಲೆಕ್ಕದ ಹಾಳೆ ಹಿಡಿದು ಕೂರುತ್ತಾರೆ, ಅವರ ಜೊತೆ ನನ್ನಂಥ ಒಬ್ಬ ಸೀನಿಯರ್. ಇದಕ್ಕೆ ಟ್ಯುಟೋರಿಯಂ ಅನ್ನುತ್ತಾರೆ. ಹುಡುಗರು ಫೀಸು ಕೊಡಬೇಕಾಗಿಲ್ಲ, ನನಗೆ ಸಂಬಳ ಕೊಡುವುದು ಕಾಲೇಜು. ಈ ದೇಶದ ಕನಿಷ್ಠ ಕೂಲಿ ಈ ತಿಂಗಳಿಂದ ಗಂಟೆಗೆ 13.90 ಯೂರೋ ಆಗಿದೆ, ನನಗೆ ಬರುವುದೂ ಅದರ ಆಸುಪಾಸೇ. ವಾರಕ್ಕೆ ಕೆಲವೇ ಗಂಟೆ ಅಪ್ಪ, ಓದು ಹಾಳಾಗುವಷ್ಟಿಲ್ಲ. ವೀಸಾ ಭಯವೂ ಬೇಡ. ಹೊರಗೆ ಕೆಲಸ ಮಾಡಿದರೆ ವರ್ಷಕ್ಕೆ 140 ದಿನ ಅಂತ ಮಿತಿ ಇದೆ, ಕಾಲೇಜಿನೊಳಗಿನ ಈ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ನನ್ನಂಥವರನ್ನು ಇಲ್ಲಿ ಹಿವಿ ಅಂತ ಕರೆಯುತ್ತಾರೆ. ಕಿವಿ ಅಲ್ಲ ಅಮ್ಮ, ಹಿವಿ. ಕೆಲಸ ಮಾತ್ರ ಜಾಸ್ತಿ ಕಿವಿಯದ್ದೇ.

ಈಗ ಒಂದು ವಿಷಯ ಹೇಳುತ್ತೇನೆ, ಬೈಯಬೇಡಿ. ಬಂದ ಮೊದಲ ಸೆಮಿಸ್ಟರ್‌ನಲ್ಲಿ ನಾನು ಒಂದು ಪೇಪರ್‌ನಲ್ಲಿ ಫೇಲಾಗಿದ್ದೆ. 5.0 ಬಂದಿತ್ತು. ಇಲ್ಲಿ ಎಲ್ಲ ಉಲ್ಟಾ, 1.0 ಬಂದರೆ ಫಸ್ಟ್ ಕ್ಲಾಸು, 4.0 ಅಂದರೆ ಜಸ್ಟ್ ಪಾಸು, 5.0 ಅಂದರೆ ಢಮಾರ್. (ಹೋದ ವರ್ಷ ನಾನು 1.7 ಅಂದಾಗ ಅಮ್ಮ "ಎಷ್ಟಕ್ಕೆ?" ಅಂತ ಕೇಳಿ ಸುಮ್ಮನಾದಳು, ನೆನಪಿದೆಯಾ? ಅದು ಒಳ್ಳೆಯ ಮಾರ್ಕ್ಸ್ ಅಮ್ಮ.) ಸಾಮಾನ್ಯವಾಗಿ ಒಂದೇ ಪೇಪರ್‌ಗೆ ಮೂರು ಸಲ ಮಾತ್ರ ಅವಕಾಶ. ಮೂರನೇ ಸಲವೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಟ್ಯುಟೋರಿಯಂ ಆಗಲೂ ಇತ್ತು, ನಾನು ಹೋಗುತ್ತಲೂ ಇದ್ದೆ. ಹಿಂದಿನ ಬೆಂಚಲ್ಲಿ ಕೂತು ತಲೆ ಆಡಿಸುತ್ತಿದ್ದೆ, ಅಷ್ಟೇ. ಆ ಅಭ್ಯಾಸ ಡಿಪ್ಲೊಮಾದಿಂದ ಬಂದಿದ್ದು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ದಿಢೀರನೆ ಇಂಗ್ಲಿಷಿಗೆ ಬಿದ್ದಾಗ ಮೇಷ್ಟ್ರು "ಅರ್ಥ ಆಯ್ತಾ?" ಅಂದರೆ ಇಡೀ ಕ್ಲಾಸು "ಯೆಸ್ ಸಾರ್" ಅನ್ನುತ್ತಿತ್ತು, ಅರ್ಥ ಆಗದವರ ದನಿಯೇ ಜೋರು. ಇಲ್ಲಿ ಪಾಠ ಹೇಳುತ್ತಿದ್ದ ಹುಡುಗಿ ನನಗಿಂತ ಒಂದು ವರ್ಷ ಸೀನಿಯರ್. ನಾನು ಫೇಲಾದ ಮೇಲೆ ಅವಳು ಅರ್ಥ ಆಯ್ತಾ ಅಂತ ಕೇಳಲೇ ಇಲ್ಲ. ಹಾಳೆ ನನ್ನ ಮುಂದೆ ತಳ್ಳಿ "ಎಲ್ಲಿಗೆ ಬಂದು ನಿಂತಿತು, ತೋರಿಸು" ಅಂದಳು. ತಲೆ ಆಡಿಸಿ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ಮೂರು ಗುರುವಾರ ಕೂತಳು. ಎರಡನೇ ಸಲ 2.7 ಬಂತು.

ಈಗ ನಾನು ಆ ಕುರ್ಚಿಯಲ್ಲಿ ಕೂತಿದ್ದೇನೆ. ಫಸ್ಟ್ ಇಯರ್ ಹುಡುಗರಿಗೆ ಮೆಕ್ಯಾನಿಕ್ಸು. ಈ ವಾರ ಏಣಿಯ ಲೆಕ್ಕ ಇತ್ತು. ನುಣುಪಾದ ಗೋಡೆಗೆ ಏಣಿ ಒರಗಿಸಿದೆ, ಮೇಲೆ ಒಬ್ಬ ಹತ್ತುತ್ತಿದ್ದಾನೆ, ಯಾವಾಗ ಜಾರುತ್ತದೆ? ನಾನು ಗತ್ತಿನಿಂದ ಜರ್ಮನ್‌ನಲ್ಲಿ ಶುರು ಮಾಡಿದೆ, ಇಡೀ ರೂಮು ನಕ್ಕಿತು. 'ಡೀ ಲೈಟರ್' ಅಂದರೆ ಏಣಿ, 'ಡೇರ್ ಲೈಟರ್' ಅಂದರೆ ಮುಖ್ಯಸ್ಥ. ಅಂದರೆ ನಾನು ಹೇಳಿದ್ದು, ಸಾಹೇಬರು ಗೋಡೆಗೆ ಒರಗಿದ್ದಾರೆ, ಅವರ ಮೇಲೆ ಒಬ್ಬ ಹತ್ತುತ್ತಿದ್ದಾನೆ ಅಂತ! ವಾರಕ್ಕೊಂದಾದರೂ ಹೀಗೆ ಆಗುತ್ತದೆ. ಅವರು ನನ್ನ ಜರ್ಮನ್ ತಿದ್ದುತ್ತಾರೆ, ನಾನು ಅವರ ಲೆಕ್ಕ ತಿದ್ದುತ್ತೇನೆ. ನನ್ನನ್ನು ನೀನು ಅಂತಲೇ ಮಾತಾಡಿಸುತ್ತಾರೆ, ಸಾರ್ ಗೀರ್ ಏನೂ ಇಲ್ಲ.

ಒಬ್ಬ ಹುಡುಗ ಚಿತ್ರದಲ್ಲಿ ಗೋಡೆಯ ಹತ್ತಿರ, ಬಲ ಯಾವ ಕಡೆಗೆ ಅಂತ ತೋರಿಸೋಕೆ, ಮೇಲ್ಮುಖವಾಗಿ ಒಂದು ಬಾಣ ಹಾಕಿದ್ದ. ತಪ್ಪು ಅಂತ ಹೇಳಲು ಬಾಯಿ ತುರಿಸುತ್ತಿತ್ತು, ತಡೆದುಕೊಂಡೆ. "ಗೋಡೆಗೆ ಸೋಪು ಬಳಿದಿದ್ದೀನಿ ಅಂದುಕೋ, ಅದು ಏಣಿಯನ್ನ ಮೇಲಕ್ಕೆ ಹಿಡಿಯುತ್ತಾ?" ಅಂದೆ. ಸುಮ್ಮನಾದ. ಈ ಸುಮ್ಮನಿರುವ ಹೊತ್ತೇ ನನಗೆ ಕಷ್ಟ, ಕಿಟಕಿಯಾಚೆ ನಿಂತ ಸೈಕಲ್ ಎಣಿಸುತ್ತಾ ಕೂತೆ. ಹನ್ನೊಂದು ಎಣಿಸುವಷ್ಟರಲ್ಲಿ ಅವನೇ ಬಾಣ ಅಳಿಸಿ, ಅಡ್ಡಕ್ಕೆ ಹಾಕಿದ.

ಮನುಷ್ಯ ಮೇಲೆ ಹೋದಷ್ಟೂ ಬುಡದಲ್ಲಿ ಜಾಸ್ತಿ ಘರ್ಷಣೆ ಬೇಕು, ಅದಕ್ಕೇ ಏಣಿ ಜಾರುವುದು ತುದಿ ಹತ್ತಿರ ಹೋದಾಗ. ಆಗ ನನಗೆ ನಮ್ಮ ಮನೆ ನೆನಪಾಯಿತು. ಅಪ್ಪ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸುವಾಗ ಅಮ್ಮ ಏಣಿಯನ್ನ ಕೈಯಲ್ಲಿ ಹಿಡಿಯುತ್ತಿರಲಿಲ್ಲ, ಸೀದಾ ಕೆಳಗಿನ ಮೆಟ್ಟಿಲ ಮೇಲೆ ಹತ್ತಿ ನಿಲ್ಲುತ್ತಿದ್ದಳು, ಅಲ್ವಾ? ಹುಡುಗರಿಗೆ ಅದನ್ನೇ ಲೆಕ್ಕ ಕೊಟ್ಟೆ. ಬಿಡಿಸಿದರು. ಅಮ್ಮನ ಭಾರವೆಲ್ಲ ಬುಡದ ಹತ್ತಿರ ಸೀದಾ ನೆಲಕ್ಕೇ ಇಳಿಯುತ್ತದೆ, ಏಣಿಯನ್ನ ಜಾರಿಸುವ ಕಡೆಗೆ ಅದು ತಳ್ಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನೆಲದ ಹಿಡಿತ ಮಾತ್ರ ಎಷ್ಟೋ ಜಾಸ್ತಿ ಆಗುತ್ತದೆ. ಆ ಮನುಷ್ಯ ತುದಿಯವರೆಗೂ ಹೋದ, ಏಣಿ ಜಾರಲಿಲ್ಲ. ತೂಕ ಎಷ್ಟು ಹಾಕೋಣ ಅಂತ ಕೇಳಿದರು, 60 ಕೆಜಿ ಅಂದುಬಿಟ್ಟೆ. ಸುಮ್ನೆ ಲೆಕ್ಕ ಸಲೀಸಾಗಲಿ ಅಂತ ಅಮ್ಮ, ಕೋಪ ಮಾಡ್ಕೋಬೇಡ.

ಪುಟ್ಟು, ನಿನಗೆ ಮ್ಯಾಥ್ಸ್ ಬ್ಯಾಕ್‌ಲಾಗ್ ಇದೆ ಅಂತ ಗೊತ್ತಾಯಿತು, ಯಾರು ಹೇಳಿದರು ಅಂತ ಕೇಳಬೇಡ. ಬರುವ ಭಾನುವಾರ ರಾತ್ರಿ ಎಂಟಕ್ಕೆ ಹಾಳೆ ಹಿಡಿದು ಕೂತ್ಕೋ, ಇಲ್ಲಿ ಆಗ ಮಧ್ಯಾಹ್ನ ಮೂರೂವರೆ. ನಿನಗೆ ಬಿಡಿಸೋಕೆ ಬರುವ ಲೆಕ್ಕ ತೋರಿಸಬೇಡ, ಎಲ್ಲಿಗೆ ಬಂದು ನಿಂತಿತು ಅದನ್ನ ತೋರಿಸು.

ಮತ್ತೆ ಆ ಏಣಿ ಇನ್ನೂ ಇದ್ದರೆ ಒಂದು ಫೋಟೋ ತೆಗೆದು ಕಳಿಸು. ಅಪ್ಪ ಮೇಲೆ, ಅಮ್ಮ ಕೆಳಗಿನ ಮೆಟ್ಟಿಲ ಮೇಲೆ. ಹುಡುಗರು ನೋಡಬೇಕಂತೆ.

ನಿಮ್ಮ,
ದೊಡ್ಡ ಮಗ