ಪದ್ಮಿನಿಯ ಬ್ರಾಕೆಟ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಮ್ಮ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಫೋಟೋ ಎಲ್ಲ ನೋಡಿದೆ. ಇಷ್ಟು ವರ್ಷವಾದರೂ ಬಾಡಿ ಇಷ್ಟು ಗಟ್ಟಿಯಾಗಿದೆ ಅಂದರೆ ನಿಮ್ಮ ತಂದೆಯವರು ಅದನ್ನು ಎಷ್ಟು ಜೋಪಾನ ಮಾಡಿದ್ದರು ಅಂತ ಗೊತ್ತಾಗುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೋ ತೆಗೆದು, ಅದೇ ಕೆಲಸಕ್ಕೆ ಮಾರುತಿ 800ರ ಆಲ್ಟರ್ನೇಟರ್ ಕೂರಿಸಬೇಕು ಅನ್ನುವ ನಿನ್ನ ಯೋಚನೆ ನನಗೂ ಒಪ್ಪಿಗೆ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಸಾಕಷ್ಟು ಕರೆಂಟ್ ಕೊಡುವುದಿಲ್ಲ. ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುವುದು ಅದಕ್ಕೇ. ಆಲ್ಟರ್ನೇಟರ್ ಬಂದರೆ ಆ ತಾಪತ್ರಯ ತಪ್ಪುತ್ತದೆ.

ಆದರೆ ಆಲ್ಟರ್ನೇಟರನ್ನು ಎಂಜಿನ್‌ಗೆ ಹಿಡಿದಿಡುವ ಬ್ರಾಕೆಟ್ಟನ್ನು ಪಕ್ಕದ ಬೀದಿಯ ವೆಲ್ಡಿಂಗ್ ಶಾಪಿನಲ್ಲಿ ಗ್ಯಾಸ್ ಕಟಿಂಗ್ ಮಾಡಿಸಿ, ಡ್ರಿಲ್ ಹಾಕಿಸಿ ಮುಗಿಸುತ್ತೇನೆ ಅಂತ ಬರೆದಿದ್ದೀಯಲ್ಲ, ಅದೊಂದು ಬೇಡ. ಲೇಸರ್‌ನಲ್ಲಿ ಕಟ್ ಮಾಡಿಸು. ಗ್ಯಾಸ್ ಕಟಿಂಗ್‌ನ ಅಂಚು ಒರಟು. ತೂತುಗಳನ್ನು ಕೈಯಲ್ಲಿ ಗುರುತು ಹಾಕಿ ಕೊರೆಯಬೇಕು. ಬೆಲ್ಟ್ ಬಿಗಿ ಮಾಡಲು ಬೋಲ್ಟ್ ಸರಿಯುವ ಬಾಗಿದ ಉದ್ದ ತೂತು, ಅಂದರೆ ಸ್ಲಾಟ್ ಇದೆಯಲ್ಲ, ಅದನ್ನು ಗ್ರೈಂಡರ್‌ನಲ್ಲಿ ಉಜ್ಜಿ ಉಜ್ಜಿ ಮಾಡಬೇಕು. ಲೇಸರ್ ತಿನ್ನುವ ಗೆರೆಯ ಅಗಲ ಸುಮಾರು 0.1ರಿಂದ 0.3 ಮಿ.ಮೀ. ಮಾತ್ರ. ಬ್ರಾಕೆಟ್ಟಿನ ಹೊರಸುತ್ತು, ತೂತು, ಸ್ಲಾಟ್ ಎಲ್ಲ ಒಂದೇ ಸಲಕ್ಕೆ ಆಗುತ್ತದೆ. ಒಂದಕ್ಕೊಂದು ಇರಬೇಕಾದ ಅಂತರ ತಪ್ಪುವುದೇ ಇಲ್ಲ.

"ಒಂದೇ ಪೀಸ್‌ಗೆ ಯಾರು ಮಷೀನ್ ಹಚ್ಚುತ್ತಾರೆ?" ಅಂತ ನೀನು ಕೇಳಬಹುದು. ಹಚ್ಚುತ್ತಾರೆ. ಇಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಜಾಬ್ ವರ್ಕ್ ಶಾಪ್‌ಗಳು ಬೇಕಾದಷ್ಟಿವೆ. ನಿನಗೆ ಹುಬ್ಬಳ್ಳಿಯಲ್ಲೇ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಇದೆ. ಅಲ್ಲಿ ಒಂದು ಸುತ್ತು ವಿಚಾರಿಸು. ಇಲ್ಲದಿದ್ದರೆ ಬೆಳಗಾವಿಯ ಉದ್ಯಮಬಾಗ್ ಎಷ್ಟು ದೂರ? ದೊಡ್ಡ ಕೆಲಸ ಕಟ್ ಮಾಡಿದ ಮೇಲೆ ಶೀಟಿನಲ್ಲಿ ತುಂಡು ಜಾಗ ಉಳಿದಿರುತ್ತದೆ, ನಿನ್ನ ಬ್ರಾಕೆಟ್ ಅದರಲ್ಲೇ ಕೂರುತ್ತದೆ. ಎಷ್ಟು ಮೀಟರ್ ಗೆರೆ ಕಟ್ ಆಯಿತು, ಕಟಿಂಗ್ ಶುರು ಮಾಡಲು ಎಷ್ಟು ಕಡೆ ಪ್ಲೇಟನ್ನು ಚುಚ್ಚಬೇಕಾಯಿತು (ಪಿಯರ್ಸ್), ಪ್ಲೇಟ್ ಎಷ್ಟು ದಪ್ಪ, ಇವುಗಳ ಮೇಲೆ ದುಡ್ಡು. ಒಂದು ಕನಿಷ್ಠ ಚಾರ್ಜ್ ಹೇಳುತ್ತಾರೆ, ಕೊಡು. ಅವರ ಸಮಯಕ್ಕೂ ಬೆಲೆ ಇದೆ.

ನಾನು ಈ ಪತ್ರ ಬರೆಯುತ್ತಿರುವುದು ಮಷೀನ್ ಬಗ್ಗೆ ಹೇಳುವುದಕ್ಕಲ್ಲ, ಅಳತೆ ಬಗ್ಗೆ ಹೇಳುವುದಕ್ಕೆ. ಕಟಿಂಗ್ ಈಗ ಸುಲಭದ ಕೆಲಸ. ನೀನು ಏನು ಬರೆದು ಕೊಡುತ್ತೀಯೋ ಮಷೀನ್ ಅದನ್ನೇ ಕತ್ತರಿಸಿ ಕೊಡುತ್ತದೆ. ಬರೆದದ್ದು ಎರಡು ಮಿ.ಮೀ. ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ನಿಖರವಾಗಿ ಕತ್ತರಿಸುತ್ತದೆ. ಹಾಗಾಗಿ ನಿನ್ನ ಭಾನುವಾರಗಳನ್ನೆಲ್ಲ ಅಳತೆಗೇ ಇಡು.

ಮೊದಲು ಡೈನಮೋ ಬಿಚ್ಚಿ, ಅದು ಕೂತಿದ್ದ ಜಾಗವನ್ನು ಸೀಮೆಎಣ್ಣೆ ಹಾಕಿ ತೊಳೆದು ಒರೆಸು. ಗ್ರೀಸ್ ಮೇಲೆ ಅಳತೆ ತೆಗೆಯಬೇಡ. ದಪ್ಪ ಕಾಗದವನ್ನು ಆ ಜಾಗದ ಮೇಲೆ ಒತ್ತಿ ಹಿಡಿದು, ತೂತಿನ ಅಂಚಿನ ಸುತ್ತ ಬೆರಳಲ್ಲಿ ಉಜ್ಜು. ಗ್ಯಾಸ್ಕೆಟ್ ಕತ್ತರಿಸುವವರು ಹಾಗೆಯೇ ಮಾಡುವುದು. ತೂತಿನ ಗುರುತು ಸ್ಪಷ್ಟವಾಗಿ ಮೂಡುತ್ತದೆ. ಆದರೆ ಕಾಗದವನ್ನು ಆಕಾರಕ್ಕೆ ಮಾತ್ರ ನಂಬು. ತೂತುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲೇ ತೆಗೆ.

ತೂತಿನ ನಡುಬಿಂದು ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಅದಕ್ಕೊಂದು ಉಪಾಯ ಇದೆ. ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆ. ಆಮೇಲೆ ಒಳ ಅಂಚಿನಿಂದ ಒಳ ಅಂಚಿಗೆ ಅಳೆ. ಎರಡನ್ನೂ ಕೂಡಿಸಿ ಅರ್ಧ ಮಾಡು. ಅದೇ ನಡುಬಿಂದುಗಳ ಅಂತರ. ಹೊರಗಿನದು 92, ಒಳಗಿನದು 74 ಬಂದರೆ ಅಂತರ 83. ಎರಡು ತೂತುಗಳ ಸೈಜ್ ಬೇರೆ ಬೇರೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ನನಗೆ ಇದನ್ನು ಕಲಿಸಿದವರು ಪೀಣ್ಯದ ಒಬ್ಬ ಹಿರಿಯ ಫಿಟ್ಟರ್. ಇವತ್ತಿಗೂ ಪ್ರತಿ ಕೆಲಸದಲ್ಲಿ ಅವರ ನೆನಪಾಗುತ್ತದೆ.

ಇನ್ನು ಪುಲ್ಲಿ. ಕ್ರ್ಯಾಂಕ್ ಪುಲ್ಲಿ, ವಾಟರ್ ಪಂಪ್ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿ ಮೂರರಲ್ಲೂ ಬೆಲ್ಟ್ ಕೂರುವ ಗ್ರೂವ್ ಒಂದೇ ಸಾಲಿನಲ್ಲಿ ಇರಬೇಕು. ಇಲ್ಲದಿದ್ದರೆ ಬೆಲ್ಟ್ ಕೂಗುತ್ತದೆ, ಬದಿ ಸವೆಯುತ್ತದೆ. ಪುಲ್ಲಿಯ ಮುಖಕ್ಕೆ ಸ್ಕೇಲ್ ಹಿಡಿದು ನೋಡಿದರೆ ಸಾಲದು, ಗ್ರೂವ್‌ನ ಮಧ್ಯಕ್ಕೆ ಹಿಡಿ. ಪುಲ್ಲಿಗಳ ದಪ್ಪ ಬೇರೆ ಬೇರೆ ಇರುತ್ತದೆ. ಬೆಲ್ಟಿನ ಅಗಲ ಮೂರೂ ಪುಲ್ಲಿಗೆ ಹೊಂದುತ್ತದಾ ಅಂತಲೂ ಮೊದಲೇ ನೋಡಿಕೋ. ಬ್ರಾಕೆಟ್ ಬರೆಯುವಾಗ ಆಲ್ಟರ್ನೇಟರ್ ಎರಡು ಕಡೆಗೂ ಒಂದೆರಡು ಮಿ.ಮೀ. ಸರಿಯುವಷ್ಟು ಜಾಗ ಬಿಡು. ಕೊನೆಗೆ ವಾಷರ್ ಹಾಕಿ ಸರಿಮಾಡಿಕೊಳ್ಳಬಹುದು.

ಬಾಗಿದ ಸ್ಲಾಟಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಚೆಂದ ಕಾಣಲಿ ಅಂತ ಯಾವುದೋ ಒಂದು ಬಾಗು ಕೊಟ್ಟುಬಿಡುತ್ತಾರೆ. ಬೆಲ್ಟ್ ಬಿಗಿ ಮಾಡುವಾಗ ಆಲ್ಟರ್ನೇಟರ್ ತಿರುಗುವುದು ಕೆಳಗಿನ ಬೋಲ್ಟಿನ ಸುತ್ತ. ಹಾಗಾಗಿ ಸ್ಲಾಟಿನ ಬಾಗಿನ ಕೇಂದ್ರ ಆ ಬೋಲ್ಟಿನ ನಡುಬಿಂದುವೇ ಆಗಿರಬೇಕು. ಆ ಬೋಲ್ಟಿನಿಂದ ಆಲ್ಟರ್ನೇಟರ್‌ನ ಮೇಲಿನ ಕಿವಿಯ ತೂತಿಗೆ ಎಷ್ಟು ಅಂತರ ಇದೆಯೋ ಅದೇ ಬಾಗಿನ ತ್ರಿಜ್ಯ. ಬೋಲ್ಟ್ ಎಂ8 (8 ಮಿ.ಮೀ. ಬೋಲ್ಟ್) ಆದರೆ ಸ್ಲಾಟಿನ ಅಗಲ 9 ಮಿ.ಮೀ. ಇಡು, ಎಂ10 ಆದರೆ 11. ಬೆಲ್ಟ್ ಹಾಕುವಾಗ ಆಲ್ಟರ್ನೇಟರ್ ಪೂರ್ತಿ ಒಳಗೆ ಬರಬೇಕು, ಬೆಲ್ಟ್ ಹಳೆಯದಾಗಿ ಜಗ್ಗಿದ ಮೇಲೂ ಬಿಗಿ ಮಾಡಲು ಹೊರಗೆ ಜಾಗ ಉಳಿದಿರಬೇಕು. ಸ್ಲಾಟಿನ ಉದ್ದವನ್ನು ಈ ಎರಡು ಕೊನೆ ನೋಡಿ ನಿರ್ಧರಿಸು.

ಡ್ರಾಯಿಂಗನ್ನು ನೀನೇ ಮಾಡು. ರಟ್ಟು ಕತ್ತರಿಸಿ ಕೊಟ್ಟರೂ ಕೆಲವು ಶಾಪ್‌ನವರು ಅಳೆದು ಬರೆದುಕೊಳ್ಳುತ್ತಾರೆ, ಟೈಲರ್‌ಗೆ ಅಳತೆ ಶರಟು ಕೊಟ್ಟ ಹಾಗೆ. ಆದರೆ ಯಾವ ತೂತು ಮುಖ್ಯ, ಯಾವ ಅಂಚು ಹೇಗಿದ್ದರೂ ನಡೆಯುತ್ತದೆ ಅನ್ನುವುದು ಗಾಡಿ ಮುಂದೆ ಕೂತ ನಿನಗೆ ಮಾತ್ರ ಗೊತ್ತು. ಫ್ರೀಕ್ಯಾಡ್, ಲಿಬ್ರೆಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಎರಡೂ ಉಚಿತ. ಈ ಕೆಲಸಕ್ಕೆ ಧಾರಾಳ ಸಾಕು. ಕಾಗದದ ಟ್ರೇಸಿಂಗನ್ನು ಫೋನಿನಲ್ಲಿ ಫೋಟೋ ತೆಗೆಯಬೇಡ, ಓರೆಯಾಗಿ ಅಳತೆ ಕೆಡುತ್ತದೆ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಸ್ಕ್ಯಾನರ್‌ನಲ್ಲಿ ಸ್ಕ್ಯಾನ್ ಮಾಡು. ಫೈಲನ್ನು ಕಟಿಂಗ್ ಶಾಪ್‌ಗಳು ಬಳಸುವ ಡಿಎಕ್ಸ್‌ಎಫ್ ರೂಪದಲ್ಲಿ, ಮಿ.ಮೀ.ನಲ್ಲಿ, ನಿಜ ಅಳತೆಯಲ್ಲಿ ಉಳಿಸು. ಗೆರೆಗಳು ಎಲ್ಲೂ ಬಿಟ್ಟಿರಬಾರದು. ಒಂದರ ಮೇಲೊಂದು ಎರಡು ಗೆರೆ ಬಿದ್ದಿದ್ದರೆ ಮಷೀನ್ ಅದೇ ಜಾಗವನ್ನು ಎರಡು ಸಲ ಸುಡುತ್ತದೆ. ಲೇಸರ್ ತಿನ್ನುವ ಅಗಲವನ್ನು ನೀನು ಲೆಕ್ಕಕ್ಕೆ ಹಿಡಿಯಬೇಡ, ಅದನ್ನು ಅವರೇ ಸರಿದೂಗಿಸುತ್ತಾರೆ. ಜೊತೆಗೆ ಒಂದು ಸಾಲು ಬರೆದು ಕೊಡು: ಒಟ್ಟು ಉದ್ದ ಇಷ್ಟು, ಅಗಲ ಇಷ್ಟು, ದಪ್ಪ ಇಷ್ಟು, ಎಂಎಸ್ (ಮೈಲ್ಡ್ ಸ್ಟೀಲ್, ಸಾಧಾರಣ ಉಕ್ಕು), ಇಷ್ಟು ಪೀಸ್. ಅವರ ಕಂಪ್ಯೂಟರ್ ಫೈಲನ್ನು ಇಂಚು ಅಂತ ಓದಿಬಿಟ್ಟರೆ ಅಳತೆ 25.4 ಪಟ್ಟು ಆಗುತ್ತದೆ. ಆ ಒಂದು ಸಾಲು ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಪ್ಲೇಟ್ ಕಟ್ ಮಾಡಿಸುವ ಮುಂಚೆ ಡ್ರಾಯಿಂಗನ್ನು ಪ್ರಿಂಟ್ ತೆಗೆ. ಪ್ರಿಂಟರ್ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತೆಗೆದುಹಾಕು. ಡ್ರಾಯಿಂಗ್ ಪಕ್ಕ 100 ಮಿ.ಮೀ. ಗೆರೆ ಒಂದನ್ನು ಹಾಕಿ, ಪ್ರಿಂಟ್ ಆದ ಮೇಲೆ ಅದನ್ನು ಅಳೆದು ನೋಡು. ಸರಿ ಇದ್ದರೆ ದಪ್ಪ ರಟ್ಟಿಗೆ ಅಂಟಿಸಿ, ಕತ್ತರಿಸಿ, ಎಂಜಿನ್ ಮೇಲೆ ಬೋಲ್ಟ್ ಹಾಕಿ ನೋಡು. ಸ್ಪ್ಯಾನರ್ ತಿರುಗಲು ಜಾಗ ಇದೆಯಾ? ಬಾನೆಟ್ ಮುಚ್ಚಿದರೆ ಏನಾದರೂ ತಾಗುತ್ತದಾ? ರಟ್ಟಿನಲ್ಲಿ ಎಷ್ಟು ಸಲ ಬೇಕಾದರೂ ಮಾಡು. ಖರ್ಚಿಲ್ಲ.

ಪ್ಲೇಟ್ ಎಷ್ಟು ದಪ್ಪ ಇರಬೇಕು ಅಂತ ನೀನು ಕೇಳಿದ್ದೆ. 6 ಮಿ.ಮೀ. ಎಂಎಸ್ ಪ್ಲೇಟ್ ಹಾಕು. 200ಕ್ಕೆ 120 ಮಿ.ಮೀ. ತುಂಡು 1.13 ಕೆ.ಜಿ. ತೂಗುತ್ತದೆ, ಎಂಜಿನ್‌ಗೆ ಅದೇನೂ ಭಾರವಲ್ಲ. ಅಲ್ಯೂಮಿನಿಯಂ ಹಗುರ ಅನ್ನುವ ಆಸೆ ಇಲ್ಲಿ ಬೇಡ. ಇಡೀ ದಿನ ಅದುರುವ ಜಾಗ ಅದು, ಅಲ್ಲಿ ಉಕ್ಕೇ ಸರಿ. ಒಳಮೂಲೆಗಳನ್ನು ಚೂಪಾಗಿ ಬಿಡಬೇಡ, ದುಂಡಗೆ ಮಾಡು. ಬಿರುಕು ಶುರುವಾಗುವುದೇ ಚೂಪು ಮೂಲೆಯಲ್ಲಿ. ಥ್ರೆಡ್ ಬೇಕಾದ ತೂತನ್ನು ಲೇಸರ್‌ನಲ್ಲಿ ಪೂರ್ತಿ ಮಾಡಿಸದೆ ಚಿಕ್ಕದಾಗಿ ಬಿಡಿಸು. ಎಂ8 ಥ್ರೆಡ್‌ಗೆ ಆಮೇಲೆ 6.8 ಮಿ.ಮೀ. ಡ್ರಿಲ್ ಹಾಕಿ, ಟ್ಯಾಪ್‌ನಿಂದ ಥ್ರೆಡ್ ಕೊರೆ. ಲೇಸರ್ ತಾಗಿದ ಅಂಚು ಗಡುಸಾಗಿದ್ದರೆ ಟ್ಯಾಪ್ ಬೇಗ ಹಾಳಾಗುತ್ತದೆ.

ಎರಡು ಪ್ಲೇಟ್ ಸೇರಿಸಿ ವೆಲ್ಡ್ ಮಾಡುವ ಕಡೆ ಒಂದರಲ್ಲಿ ನಾಲಿಗೆ, ಇನ್ನೊಂದರಲ್ಲಿ ಅದು ಕೂರುವ ಸ್ಲಾಟ್ ಬರೆದುಬಿಡು. ಲೇಸರ್ ಕಟಿಂಗ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಕೈಬಿಟ್ಟರೂ ಪ್ಲೇಟ್‌ಗಳು ಸರಿಯಾದ ಜಾಗದಲ್ಲಿ ತಾವಾಗಿ ನಿಲ್ಲುತ್ತವೆ, ಅವನ್ನು ಹಿಡಿದಿಡುವ ಜಿಗ್ ಬೇಡ. ಪ್ಲೇಟಿನ ನಿಜವಾದ ದಪ್ಪವನ್ನು ವರ್ನಿಯರ್‌ನಲ್ಲಿ ನೋಡು, ಸ್ಲಾಟನ್ನು ಅದಕ್ಕಿಂತ 0.2 ಮಿ.ಮೀ. ಜಾಸ್ತಿ ಇಡು. ಮೊದಲು ಟ್ಯಾಕ್ (ಅಲ್ಲಲ್ಲಿ ಸಣ್ಣ ಚುಕ್ಕಿ ವೆಲ್ಡ್) ಮಾತ್ರ ಹಾಕಿಸು. ಎಂಜಿನ್ ಮೇಲೆ ಕೂರಿಸಿ ನೋಡಿ, ಬಿಚ್ಚಿ, ಆಮೇಲೆ ಪೂರ್ತಿ ವೆಲ್ಡ್. ಆಗ ಮುಂದಿನ ಹಿಂದಿನ ತೂತುಗಳಿಗೆ ನೇರವಾದ ಒಂದು ರಾಡ್ ಹಾಕಿಟ್ಟಿರು. ಬಿಸಿಗೆ ಪ್ಲೇಟ್ ಎಳೆದುಕೊಂಡರೂ ತೂತಿನ ಸಾಲು ಕೆಡುವುದಿಲ್ಲ.

ಪೀಸ್ ಕೈಗೆ ಬಂದಾಗ ಅಂಚಿನಲ್ಲಿ ತೆಳ್ಳಗೆ ಕಪ್ಪು ಪದರ ಇದ್ದರೆ ಅದು ಕಟ್ ಮಾಡುವಾಗ ಊದುವ ಆಕ್ಸಿಜನ್ನಿನದು. ಹೀಗೆ ಊದುವುದು ಹಳೆಯ ಪದ್ಧತಿ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿ ತೋರಿಸಿದ್ದರು. 1967ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಹೌಲ್ಡ್‌ಕ್ರಾಫ್ಟ್ ಆ ಬಗೆಯ ಲೇಸರ್ ಜೊತೆಗೆ ಆಕ್ಸಿಜನ್ ಊದಿ 1 ಮಿ.ಮೀ. ಉಕ್ಕಿನ ಶೀಟ್ ಕತ್ತರಿಸಿದರು. ಈಗ ಶಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಫೈಬರ್ ಲೇಸರ್ ಅನ್ನುವ ಇನ್ನೊಂದು ಬಗೆ. ಆದರೆ ದಪ್ಪ ಎಂಎಸ್‌ಗೆ ಇವತ್ತಿಗೂ ಆಕ್ಸಿಜನ್ ಊದುವುದು ಸಾಮಾನ್ಯ. ಕಬ್ಬಿಣ ಅದರಲ್ಲಿ ಉರಿದು ತಾನೇ ಶಾಖ ಕೊಡುತ್ತದೆ. ಆ ಉರಿಯ ಉಳಿಕೆಯೇ ಕಪ್ಪು ಪದರ. ಅದರ ಮೇಲೆ ಪೇಂಟ್ ಹೊಡೆದರೆ ಪದರದ ಸಮೇತ ಎದ್ದು ಬರುತ್ತದೆ. ಗ್ರೈಂಡರ್‌ಗೆ ಫ್ಲ್ಯಾಪ್ ಡಿಸ್ಕ್ (ಉಜ್ಜುಕಾಗದದ ಚಕ್ರ) ಹಾಕಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಆಮೇಲೆ ವೆಲ್ಡ್, ಆಮೇಲೆ ಪೇಂಟ್. ಸ್ಟೇನ್‌ಲೆಸ್, ಅಲ್ಯೂಮಿನಿಯಂಗೆ ನೈಟ್ರೋಜನ್ ಊದುತ್ತಾರೆ, ಅಂಚು ಶುಭ್ರವಾಗಿ ಬರುತ್ತದೆ. ಮುಂದೆ ಡ್ಯಾಶ್‌ಬೋರ್ಡ್ ಕೆಳಗೆ 52 ಮಿ.ಮೀ. ಮೀಟರ್‌ಗಳನ್ನು ಕೂರಿಸುವ ಪಟ್ಟಿ ಮಾಡಬೇಕು ಅಂದೆಯಲ್ಲ, ಅದಕ್ಕೆ 2 ಮಿ.ಮೀ. ಅಲ್ಯೂಮಿನಿಯಂ ಸರಿ. ಬೆಂಡ್ ಮಾಡುವುದಿದ್ದರೆ 5052 ಅನ್ನುವ ದರ್ಜೆಯ ಅಲ್ಯೂಮಿನಿಯಂ ಕೇಳು. 6061 ದರ್ಜೆಯದು ಬಗ್ಗಿಸುವಾಗ ಬಿರಿಯಬಹುದು.

ಡಿಕ್ಕಿ ಮೇಲೆ ಊರಿನ ಹೆಸರನ್ನು ಕನ್ನಡದಲ್ಲಿ ಕೊರೆಸುವ ಆಸೆಯೂ ಚೆನ್ನಾಗಿದೆ. ಒಂದು ವಿಷಯ ನೋಡಿಕೋ. ನಮ್ಮ ಅಕ್ಷರಗಳಲ್ಲಿ ಮುಚ್ಚಿದ ಸುತ್ತು ಜಾಸ್ತಿ. ಶೀಟಿನಲ್ಲಿ ಅಕ್ಷರವನ್ನು ಕೊರೆದರೆ ಸುತ್ತಿನ ಒಳಗಿನ ತುಂಡು ಉದುರಿಹೋಗುತ್ತದೆ. ಪ್ರತಿ ಸುತ್ತಿಗೂ ಸಣ್ಣ ಸೇತುವೆ ಬಿಟ್ಟು ಬರೆ.

ಎಲ್ಲವನ್ನೂ ಲೇಸರ್‌ಗೆ ಕೊಡಬೇಡ. ಫ್ಲೋರ್‌ನ ತುಕ್ಕು ಹಿಡಿದ ಜಾಗಕ್ಕೆ 1 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್, ಕತ್ತರಿ, ಒಬ್ಬ ಒಳ್ಳೆ ಟಿಂಕರಿಂಗ್ ಮೇಸ್ತ್ರಿ ಇದ್ದರೆ ಸಾಕು. ಮಡ್‌ಗಾರ್ಡಿನ ಉಬ್ಬು ತಗ್ಗು ಸುತ್ತಿಗೆಯ ಕೆಲಸ. ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಸ್ಟೀರಿಂಗ್, ಸಸ್ಪೆನ್ಷನ್, ಬ್ರೇಕ್, ಸೀಟ್ ಬೆಲ್ಟ್ ಹಿಡಿದಿಡುವ ಯಾವ ಭಾಗವನ್ನೂ ಹೀಗೆ ತುಂಡು ಪ್ಲೇಟಿನಲ್ಲಿ ಮಾಡಿಸಬೇಡ. ಆ ಉಕ್ಕಿನ ದರ್ಜೆ ನಮಗೆ ಗೊತ್ತಿರುವುದಿಲ್ಲ. ಕಟ್ ಆದ ಅಂಚಿನ ಸಣ್ಣ ಗೀರುಗಳಿಂದಲೇ ಬಿರುಕು ಬೆಳೆಯಬಹುದು. ಬ್ರಾಕೆಟ್ ಮುರಿದರೆ ಗಾಡಿ ನಿಲ್ಲುತ್ತದೆ ಅಷ್ಟೇ. ಇವು ಮುರಿದರೆ ಜೀವ ಹೋಗುತ್ತದೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆ ಆಗುವಂಥ ಬದಲಾವಣೆ ಮಾಡುವಂತಿಲ್ಲ. ಚಾಸಿಸ್‌ಗೆ ಕೈ ಹಾಕಬೇಡ.

ವೈರಿಂಗನ್ನು ಒಳ್ಳೆ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡು. ಡೈನಮೋ ಕಾಲದ ತೆಳು ವೈರ್ ಆಲ್ಟರ್ನೇಟರ್ ಕರೆಂಟಿಗೆ ಸಾಲುವುದಿಲ್ಲ ಅನ್ನುವುದನ್ನು ಮಾತ್ರ ನೆನಪಿಸು.

ಕಟ್ ಮಾಡಿಸುವಾಗ ಒಂದೆರಡು ಸೆಟ್ ಜಾಸ್ತಿಯೇ ಮಾಡಿಸು. ಪದ್ಮಿನಿ ತಯಾರಾಗುವುದು 2000ದ ಹೊತ್ತಿಗೆ ನಿಂತುಹೋಯಿತು. ಬಿಡಿಭಾಗ ಹುಡುಕುತ್ತಾ ಇಲ್ಲಿ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಫೈಲನ್ನೂ ಎಲ್ಲರಿಗೂ ಕೊಡೋಣ. ಯಾವ ಆಲ್ಟರ್ನೇಟರ್, ಯಾವ ಬೆಲ್ಟ್, ಎಷ್ಟು ವಾಷರ್ ಅಂತ ಜೊತೆಗೆ ಬರೆದಿಡು. ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿರುವುದೂ ಅದಕ್ಕೇ.

ಟ್ರೇಸಿಂಗ್ ಆದ ತಕ್ಷಣ ಸ್ಕ್ಯಾನ್ ಕಳಿಸು, ಸ್ಕೇಲ್ ಕಾಣುವ ಹಾಗೆ. ತೂತುಗಳ ಅಂತರವನ್ನು ಬೇರೆ ಚೀಟಿಯಲ್ಲಿ ಬರೆ: ಹೊರಗಿನದು, ಒಳಗಿನದು ಎರಡೂ. ಡ್ರಾಯಿಂಗನ್ನು ನಾನೂ ಒಮ್ಮೆ ನೋಡುತ್ತೇನೆ, ಆಮೇಲೆ ಶಾಪಿಗೆ ಕೊಡು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ,
ಬೆಂಗಳೂರಿನಿಂದ