ಮಗಳಿಗೊಂದು ಪತ್ರ: ಅಟ್ಟಕ್ಕೇರದ ಅಡಿಕೆ

ಪೆರ್ಲ, ಕಾಸರಗೋಡು ಜಿಲ್ಲೆ
ಆಟಿ ತಿಂಗಳು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಮಳೆ ಹಿಡಿದದ್ದು ಬಿಟ್ಟಿಲ್ಲ. ಅಡಿಕೆಗೆ ಎರಡನೆಯ ಸಲ ಮದ್ದು ಬಿಡುವುದಕ್ಕೆಂದು ಮೈಲುತುತ್ತು, ಸುಣ್ಣ ತಂದಿಟ್ಟು ಅಪ್ಪ ನಾಲ್ಕು ದಿನಗಳಿಂದ ಆಕಾಶ ನೋಡುತ್ತಿದ್ದಾರೆ. ಮನೆಯಲ್ಲಿ ನಾವಾಡುವ ಮಾತು ಬೇರೆ, ಕಾಗದದ ಕನ್ನಡ ಬೇರೆ. ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೆ ಪೆನ್ನು ಹಿಡಿದರೆ ಗ್ರಂಥದ ಭಾಷೆಯೇ ಬರುತ್ತದೆ, ನಗಬೇಡ. ಫೋನಿನಲ್ಲಿ ಹಣದ ಮಾತೆತ್ತಿದರೆ ಎರಡನೆಯ ನಿಮಿಷಕ್ಕೆ ಅದು ಬುದ್ಧಿವಾದವಾಗುತ್ತದೆ, ಮೂರನೆಯದಕ್ಕೆ ಜಗಳವಾಗುತ್ತದೆ. ಆದುದರಿಂದ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ನೀನು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿಯೇ ಇದೆ. "ಅಮ್ಮಾ, ತಿಂಗಳಿಗೆ ಇಪ್ಪತ್ತಮೂರು ಸಾವಿರ ಕೂಡಿಡುತ್ತಿದ್ದೇನೆ, ಹಾಗಿದ್ದೂ ನನ್ನ ಮೇಲೆ ಸಾಲ ಹೇಗಾಯಿತು?" ಎಂದೆ. ಆಗ ನಾನು ಉತ್ತರ ಹೇಳದೆ ಅಡುಗೆಯ ನೆಪ ಹೇಳಿ ಫೋನು ಇಟ್ಟೆ. ಉತ್ತರ ತಿಳಿಯದೆ ಅಲ್ಲ. ಅದೇ ತಪ್ಪನ್ನು ನಿನ್ನ ಪ್ರಾಯದಲ್ಲಿ ನಾನೂ ಮಾಡಿದ್ದೆ, ಅದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಮೊದಲು ನಿನ್ನ ಲೆಕ್ಕವನ್ನೇ ನೋಡೋಣ. ಬಿಸು ಹಬ್ಬಕ್ಕೆ ಬಂದಾಗ ನೀನು ಬರೆದು ತೋರಿಸಿದ ಹಾಳೆ ನನ್ನ ಪಂಚಾಂಗದೊಳಗೇ ಇದೆ. ಕೈಗೆ ಬರುವ ಸಂಬಳ 42,000 ರೂಪಾಯಿ. ಪಿಜಿಗೆ ಊಟವೂ ಸೇರಿ 12,000. ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ, ಎಂದರೆ ಆರ್‌ಡಿ, ಎರಡು: ಒಂದು 14,000ದ್ದು, ಇನ್ನೊಂದು 9,000ದ್ದು. ಉಳಿದ 7,000ದಲ್ಲಿ ಬಸ್ಸು, ಫೋನು, ಬಟ್ಟೆ, ಔಷಧ, ಊರಿಗೆ ಬಂದುಹೋಗುವ ಖರ್ಚು ಎಲ್ಲವೂ. ಮೂರು ವರ್ಷಗಳಲ್ಲಿ ಐದು ಲಕ್ಷ ಕೂಡಿಸಿ ಮುಂದಿನ ಓದಿಗೆ ಯಾರ ಮುಂದೆಯೂ ಕೈಚಾಚದೆ ಹೋಗಬೇಕೆಂಬ ನಿನ್ನ ಆಸೆಯನ್ನು ಕೇಳಿ ಅಪ್ಪನಿಗಾದ ಸಂತೋಷ ನಿನಗೆ ಗೊತ್ತಿಲ್ಲ. ಅವರು ನಿನ್ನೆದುರು ಹೇಳುವವರಲ್ಲ. ಆದರೆ ಐದು ಲಕ್ಷವನ್ನು ಮೂವತ್ತಾರು ತಿಂಗಳುಗಳಿಂದ ಭಾಗಿಸಿ ನೋಡು. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ತಿಂಗಳಿಗೆ 13,900 ರೂಪಾಯಿಯಷ್ಟು ಸಾಕು. ಎಂದರೆ ನಿನ್ನ ಗುರಿಗೆ ಮೊದಲನೆಯ ಆರ್‌ಡಿಯೊಂದೇ ಸಾಕಾಗಿತ್ತು. ಎರಡನೆಯದು ಯಾವ ಗುರಿಗೆ ಎಂದು ನಾನು ಕೇಳಿದಾಗ ನೀನು "ಇರಲಿ ಎಂದು" ಎಂದಿದ್ದೆ.

ಆ "ಇರಲಿ ಎಂದು" ಕಟ್ಟಿದ ಒಂಬತ್ತು ಸಾವಿರವೇ ನಿನ್ನನ್ನು ಸಾಲಕ್ಕೆ ದೂಡಿತು. ಐದು ತಿಂಗಳು ಗೆಳತಿಯರು ಕರೆದಲ್ಲಿಗೆಲ್ಲ ತಲೆನೋವು, ಆಫೀಸಿನ ಕೆಲಸ ಎಂದು ನೆಪ ಹೇಳಿದೆ. ಮೇ ತಿಂಗಳಲ್ಲಿ ಬದಿಯಡ್ಕದಲ್ಲಿ ನಡೆದ ಅತ್ತೆಯ ಮಗನ ಮದುವೆಗೆ ರಜೆ ಸಿಗಲಿಲ್ಲ ಎಂದೆ. ರಜೆ ಇತ್ತೆಂದೂ ಬಸ್ಸಿನ ಖರ್ಚಿಗೆ ಹಿಂಜರಿದೆಯೆಂದೂ ಆಮೇಲೆ ನೀನೇ ಬಾಯಿ ತಪ್ಪಿ ಹೇಳಿದೆ. ಆರನೆಯ ತಿಂಗಳಲ್ಲಿ ಅವರೆಲ್ಲ ಪಾಂಡಿಚೇರಿಗೆ ಹೊರಟಾಗ ತಡೆಯಲಾಗದೆ ಹೊರಟೆ, ಅದಕ್ಕೆಂದು ಬಟ್ಟೆ ಕೊಂಡೆ, ಬಂದ ಮೇಲೆ ಫೋನನ್ನೂ ಬದಲಾಯಿಸಿದೆ, ಎಲ್ಲವನ್ನೂ ಕ್ರೆಡಿಟ್ ಕಾರ್ಡಿನಲ್ಲಿ. ಏಕಾದಶಿಗೆ ನೀರೂ ಮುಟ್ಟದೆ ಹಟ ಹಿಡಿದವರು ಪಾರಣೆಯ ದಿನ ಎರಡು ಹೊಟ್ಟೆ ಉಣ್ಣುವುದನ್ನು ನಿನ್ನ ಅಜ್ಜಿಯಲ್ಲೇ ನೀನು ನೋಡಿದ್ದೀಯಲ್ಲ.

ಈಗ ನನ್ನ ಕಥೆ. 1998ರ ಮಾತು, ನೀನಿನ್ನೂ ಹುಟ್ಟಿರಲಿಲ್ಲ. ನನಗೆ ಕೆಲಸ ಸಿಕ್ಕಿ ಹೆಚ್ಚು ವರ್ಷಗಳಾಗಿರಲಿಲ್ಲ. ಮನೆಯ ಹಿಂಬದಿಗೆ ಎರಡು ಕೋಣೆ ಕಟ್ಟಿಸಬೇಕೆಂಬ ಹಟ ಹತ್ತಿತು. ಎಲ್ಲರೂ ತಿಂಗಳಿಗಿಷ್ಟೆಂದು ಕಟ್ಟಿ ಒಬ್ಬೊಬ್ಬರಾಗಿ ಒಟ್ಟು ಹಣ ಎತ್ತುವ ಚೀಟಿಗೆ ಇಲ್ಲಿ ಚಿಟ್ಟಿ ಎನ್ನುತ್ತಾರೆ; ಕೇರಳದಲ್ಲಿ ಚಿಟ್ಟಿಗೆ ಸೇರದ ಸಂಬಳದಾರರನ್ನು ಹುಡುಕಬೇಕಷ್ಟೆ. ಸರಕಾರವೇ 1969ರಲ್ಲಿ ಚಿಟ್ಟಿ ನಡೆಸುವುದಕ್ಕೆಂದು ಒಂದು ಸಂಸ್ಥೆ ಕಟ್ಟಿದ ರಾಜ್ಯವಿದು. ನಾನು ಒಂದೇ ವರ್ಷದಲ್ಲಿ ಮೂರು ಚಿಟ್ಟಿಗೆ ಸೇರಿದೆ. ಮೂರರ ಕಂತು ಸೇರಿ 2,500 ರೂಪಾಯಿ, ಅದು ಸಂಬಳದ ಅರ್ಧಕ್ಕಿಂತ ಹೆಚ್ಚು. ಉಳಿದದ್ದರಲ್ಲಿ ಮನೆಗೆ ಕೊಟ್ಟು ನನ್ನ ಕೈಯಲ್ಲಿ ಬಸ್ಸಿನ ಚಿಲ್ಲರೆ ಮಾತ್ರ ಉಳಿಯುತ್ತಿತ್ತು.

ನಮ್ಮ ಶಾಲೆಯಲ್ಲಿ ಅಧ್ಯಾಪಕರೆಲ್ಲ ತಿಂಗಳಿಗೆ ಇಪ್ಪತ್ತು ರೂಪಾಯಿಯಂತೆ ಹಾಕಿ ಚಹಾ ತರಿಸುವ ಕ್ರಮವಿತ್ತು. ಹನ್ನೊಂದು ಗಂಟೆಗೆ ಎದುರಿನ ಹೋಟೆಲಿನಿಂದ ಅಲ್ಯೂಮಿನಿಯಂ ಕೆಟ್ಲಿನಲ್ಲಿ ಚಹಾ, ಪತ್ರಿಕೆಯ ಕಾಗದದಲ್ಲಿ ಕಟ್ಟಿದ ಚಟ್ಟಂಬಡೆ. ಆ ಇಪ್ಪತ್ತು ರೂಪಾಯಿ ಉಳಿಸುವುದಕ್ಕಾಗಿ ನಾನು ಚಹಾ ಬಿಟ್ಟಿದ್ದೇನೆ, ಪಿತ್ತವಾಗುತ್ತದೆ ಎಂದೆ. ಹನ್ನೊಂದಾಗುತ್ತಲೇ ಕಾಪಿ ಪುಸ್ತಕಗಳ ಅಟ್ಟಿ ಎತ್ತಿಕೊಂಡು ಖಾಲಿ ತರಗತಿಗೆ ಹೋಗಿ ಕುಳಿತು ತಿದ್ದುತ್ತಿದ್ದೆ. ಅಧ್ಯಾಪಕರ ಕೋಣೆಗೂ ಆ ತರಗತಿಗೂ ನಡುವೆ ಅರ್ಧ ಗೋಡೆ ಮಾತ್ರ. ಚಹಾದ ಪರಿಮಳ ಬರುತ್ತಿತ್ತು, ನಗು ಕೇಳುತ್ತಿತ್ತು. ಯಾರ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ, ಯಾರಿಗೆ ವರ್ಗವಾಗುತ್ತದೆ ಎಂಬುದೆಲ್ಲ ಗೋಡೆಯ ಮೇಲಿನಿಂದ ತುಂಡು ತುಂಡಾಗಿ ಬಂದು ಬೀಳುತ್ತಿತ್ತು. ಹೀಗೆ ಒಂದು ವರ್ಷವಾದ ಮೇಲೆ ಒಂದು ದಿನ ಗೋಡೆಯ ಮೇಲೆ ಅಂಟಿಸಿದ್ದ ಚಹಾದ ಪಟ್ಟಿಯಲ್ಲಿ ನನ್ನ ಹೆಸರು ಕಂಡಿತು, ಅದರ ಮುಂದೆ ಹಣ ಸಂದಿದೆ ಎಂಬ ಗುರುತು. ನನಗಿಂತ ಹಿರಿಯರಾದ ಮಲಯಾಳ ಟೀಚರೊಬ್ಬರು ಮೂರು ತಿಂಗಳಿಂದ ನನ್ನದನ್ನೂ ಕೊಡುತ್ತಾ ಬಂದಿದ್ದರಂತೆ. ನನ್ನ ಪಾಲಿನ ಗ್ಲಾಸು ದಿನಾಲೂ ಮೇಜಿನ ಮೇಲೆ ಆರಿ ಹೋಗುತ್ತಿತ್ತಂತೆ. ಅವಮಾನವೋ ಸಂತೋಷವೋ ತಿಳಿಯದೆ ಅಂದು ನಾನು ಆ ಆರಿದ ಚಹಾ ಕುಡಿದೆ.

ಅಷ್ಟೆಲ್ಲ ಮಾಡಿಯೂ ಉಳಿತಾಯ ಉಳಿಯಲಿಲ್ಲ. ಆ ವರ್ಷ ಅಜ್ಜನಿಗೆ ಮಂಗಳೂರಿನಲ್ಲಿ ಆಪರೇಶನ್ ಆಯಿತು. ಕೈಯಲ್ಲಿ ಬಿಡಿಕಾಸಿಲ್ಲ, ಎಲ್ಲವೂ ಚಿಟ್ಟಿಯಲ್ಲಿ ಕಟ್ಟಿಬಿದ್ದಿದೆ. ನಲವತ್ತು ಜನ ತಿಂಗಳಿಗೆ 500ರಂತೆ ಕಟ್ಟುವ 20,000ದ ಚಿಟ್ಟಿಯನ್ನು ಏಲಂನಲ್ಲಿ, ಎಂದರೆ ಹರಾಜಿನಲ್ಲಿ, 6,000 ಬಿಟ್ಟುಕೊಟ್ಟು ಕೂಗಿ ಹಿಡಿದೆ. ಕೈಗೆ ಬಂದದ್ದು 14,000. ನಾನು ಬಿಟ್ಟ ಆರು ಸಾವಿರದಲ್ಲಿ ನಡೆಸುವವರ ಕಮಿಷನ್ ಕಳೆದು ಉಳಿದದ್ದು ನಲವತ್ತು ಜನರಿಗೂ ಹಂಚಿಹೋಯಿತು, ನನ್ನ ಕಂತು ಮಾತ್ರ ಕೊನೆಯ ತಿಂಗಳವರೆಗೆ ನಿಲ್ಲಲಿಲ್ಲ. ಚಿಟ್ಟಿಯದ್ದು ಇದರಲ್ಲಿ ತಪ್ಪೇನೂ ಇಲ್ಲ, ಅದು ನಡೆಯುವುದೇ ಹಾಗೆ. ಅವಸರದವರು ಬಿಟ್ಟುಕೊಟ್ಟದ್ದು ಕಾಯುವವರಿಗೆ ಲಾಭ. ಕಾಯಬಲ್ಲವಳಾಗಿದ್ದ ನಾನು ಕೈ ಬರಿದು ಮಾಡಿಕೊಂಡು ಅವಸರದವಳಾದೆ.

ನಿನ್ನ ಕಾರ್ಡೂ ಈಗ ಅದನ್ನೇ ಮಾಡುತ್ತಿದೆ, ಇನ್ನೂ ಕಠಿನವಾಗಿ. ಬಾಕಿ 26,000. ಬಡ್ಡಿ ತಿಂಗಳಿಗೆ ಶೇಕಡಾ 3.5 ಎಂದು ನೀನೇ ಓದಿ ಹೇಳಿದೆ. ಕನಿಷ್ಠ ಮೊತ್ತವೆಂದು ಕಟ್ಟುತ್ತಿರುವ 1,300 ರೂಪಾಯಿಯಲ್ಲಿ 910 ಬಡ್ಡಿಗೆ ಹೋಯಿತು, ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ 164 ರೂಪಾಯಿ ಹೋಯಿತು. ಅಸಲಿಗೆ ಸೇರಿದ್ದು 226. ಪೂರ್ತಿ ಕಟ್ಟದೆ ಬಾಕಿ ಇಟ್ಟವರಿಗೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಆರ್‌ಡಿಯಲ್ಲಿ ವರ್ಷಕ್ಕೆ ಶೇಕಡಾ ಆರೋ ಏಳೋ ಬರುವಲ್ಲಿಗೆ ಹಣ ಕಟ್ಟುತ್ತಾ, ವರ್ಷಕ್ಕೆ 42 ಹೋಗುವ ಸಾಲವನ್ನು ಇಟ್ಟುಕೊಂಡಿದ್ದೀಯೆ.

ಆದುದರಿಂದ ಮೊದಲನೆಯ ಕೆಲಸವಾಗಿ 9,000ದ ಆರ್‌ಡಿಯನ್ನು ಒಡೆ. "ಉಳಿತಾಯ ಒಡೆಯಬಾರದು" ಎಂದು ನಾನೇ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು ನಿಜ. ಈಗ ನಾನೇ ಒಡೆ ಎನ್ನುತ್ತಿದ್ದೇನೆ. ಎಂಟು ಕಂತಿನ 72,000 ಇದೆ. ಅವಧಿಗೆ ಮೊದಲು ತೆಗೆದರೆ ಬಡ್ಡಿಯಲ್ಲಿ ತುಸು ಕಡಿತವಾದೀತು, ಆಗಲಿ. 26,000 ಕಾರ್ಡಿಗೆ ಪೂರ್ತಿ ಕಟ್ಟು. ಉಳಿದ 46,000ವನ್ನು ಬೇರೆ ಖಾತೆಯಲ್ಲಿಟ್ಟು ಆಪತ್ತಿಗೆ ಎಂದು ಹೆಸರಿಡು. ತಿಂಗಳಿಗೆ 5,000 ಸೇರಿಸುತ್ತಾ ಹೋದರೆ ಆರು ತಿಂಗಳಲ್ಲಿ ಅದು 75,000 ದಾಟುತ್ತದೆ. ಕೆಲಸ ಹೋದರೂ ಮೂರು ತಿಂಗಳು ಪಿಜಿಯಲ್ಲಿ ತಲೆಯೆತ್ತಿ ಇರುವಷ್ಟು. 14,000ದ ಆರ್‌ಡಿಯನ್ನು ಮುಟ್ಟಬೇಡ. ಮೂರು ವರ್ಷಕ್ಕೆ ಬೇಕಾದ ಹಣವನ್ನು ಶೇರಿನಲ್ಲಿ ಹಾಕು ಎನ್ನುವ ನಿನ್ನ ಆಫೀಸಿನ ಗೆಳೆಯನ ಮಾತನ್ನು ಈಗಲ್ಲ, ಕೆಲಸದಲ್ಲಿ ಇನ್ನಷ್ಟು ಬೇರೂರಿದ ಮೇಲೆ ಕೇಳುವಿಯಂತೆ.

ಸಂಬಳದಲ್ಲಿ ಆರ್‌ಡಿಯ 14,000, ಆಪತ್ತಿನ 5,000, ಪಿಜಿಯ 12,000 ಹೋಗಿ ಇನ್ನು ಉಳಿದದ್ದು 11,000. ಈ ಹನ್ನೊಂದು ಸಾವಿರದ ಬಗ್ಗೆಯೇ ನಾನು ಮುಖ್ಯವಾಗಿ ಬರೆಯಬೇಕೆಂದು ಕುಳಿತದ್ದು.

ನೀನು ಸಣ್ಣವಳಿದ್ದಾಗ ಚಾವಡಿಯಲ್ಲಿ ಅಪ್ಪನ ಪಕ್ಕ ಕುಳಿತು ಸುಲಿದ ಅಡಿಕೆ ಹೆಕ್ಕುತ್ತಿದ್ದೆ. ಒಳ್ಳೆಯ ಚಾಲಿ ಅಡಿಕೆ ಒಂದು ಕಡೆ, ಕೆಳದರ್ಜೆಯ ಪಟೋರ ಒಂದು ಕಡೆ, ಅದಕ್ಕೂ ಕೆಳಗಿನ ಉಳ್ಳಿಗಡ್ಡೆ, ಕರಿಗೋಟು ಇನ್ನೊಂದು ಕಡೆ. ಒಳ್ಳೆಯದು ಚೀಲದಲ್ಲಿ ಹೊಲಿದು ಅಟ್ಟಕ್ಕೆ ಹೋಗುತ್ತದೆ, ವರ್ಷಗಳು ಕಳೆದು ಹಳೆಯ ಅಡಿಕೆ, ಎಂದರೆ ಡಬಲ್ ಚೋಲು, ಆಗುವವರೆಗೂ ಕೆಲವೊಮ್ಮೆ ಅಲ್ಲೇ ಇರುತ್ತದೆ. ಆದರೆ ಕೆಳಗಿನ ದರ್ಜೆಯದು ಅಟ್ಟವೇರುವುದೇ ಇಲ್ಲ. ಅದನ್ನು ಅಪ್ಪ ಆಗಾಗ ಪೇಟೆಗೆ ಒಯ್ದು ಮಾರಿ ಬಂದ ಹಣವನ್ನು ಅಲಮಾರಿನ ಎಡಬದಿಯ ಡಬ್ಬಿಯಲ್ಲಿ ಹಾಕುತ್ತಾರೆ. ಮದುವೆಯ ಉಡುಗೊರೆ, ನೆಂಟರಿಷ್ಟರು ಬಂದಾಗಿನ ಖರ್ಚು, ಮಧೂರು ದೇವಸ್ಥಾನಕ್ಕೆ ಹೋಗಿ ಬರುವುದು, ಯಕ್ಷಗಾನದ ಮೇಳ ಊರಿಗೆ ಬಂದರೆ ಕೊಡುವ ವಂತಿಗೆ, ಎಲ್ಲವೂ ಆ ಡಬ್ಬಿಯಿಂದಲೇ. ಕೊಳೆರೋಗ ಬಂದು ಅರ್ಧ ಫಸಲು ಉದುರಿದ ವರ್ಷದಲ್ಲಿಯೂ ಡಬ್ಬಿ ಸಣ್ಣದಾಯಿತೇ ಹೊರತು ಇಲ್ಲವಾಗಲಿಲ್ಲ. ಬೆಲೆ ಏರಿದ ವರ್ಷ ಅದು ದೊಡ್ಡದೂ ಆಗಲಿಲ್ಲ. ಇದನ್ನು ಅವರು ಯಾವ ಪುಸ್ತಕದಿಂದ ಕಲಿತದ್ದೂ ಅಲ್ಲ; ಅಜ್ಜ ಮಾಡುತ್ತಿದ್ದರು, ಇವರೂ ಮಾಡುತ್ತಾರೆ. ನನ್ನ ಮೂರು ಚಿಟ್ಟಿಗಳ ಕಾಲದಲ್ಲಿ ಇದನ್ನು ಕಂಡು ನಾನು ದುಂದು ಎನ್ನುತ್ತಿದ್ದೆ.

ನೀನೂ ತಿಂಗಳಿಗೆ 4,000 ರೂಪಾಯಿಯನ್ನು ಹಾಗೆ ಬೇರೆ ಇಡು. ಅದು ಜನರ ಹಣ. ಗೆಳತಿಯರೊಡನೆ ಊಟ, ಸಿನಿಮಾ, ಯಾರದೋ ಹುಟ್ಟುಹಬ್ಬ, ಮದುವೆಗೆ ಊರಿಗೆ ಬರುವ ಬಸ್ಸು. ಈ ತಿಂಗಳು ಮಿಕ್ಕರೆ ಅದನ್ನು ಉಳಿತಾಯಕ್ಕೆ ಸೇರಿಸಬೇಡ, ಮುಂದಿನ ತಿಂಗಳಿಗೆ ಬಿಡು. ಮದುವೆಗಳು ಸಾಲಾಗಿ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೇಕಾಗುತ್ತದೆ. ಮಿಕ್ಕ 7,000 ನಿನ್ನ ನಿತ್ಯದ ಖರ್ಚಿಗೆ. ಈ ಹನ್ನೊಂದು ಸಾವಿರ ಮಾತ್ರ ಬೇರೆ ಖಾತೆಯಲ್ಲಿರಲಿ, ಫೋನಿನ ಯುಪಿಐ ಅದಕ್ಕೆ ಮಾತ್ರ ಜೋಡಿಸಿರಲಿ. ನೋಟು ಎಣಿಸಿ ಕೊಡುವಾಗ ಬೆರಳಿಗೆ ಗೊತ್ತಾಗುವ ಖರ್ಚು, ಫೋನು ತೋರಿಸಿ ಕೊಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಖಾತೆಯಲ್ಲಿ ಇರುವುದೇ ಅಷ್ಟು ಎಂದಾದರೆ ಫೋನೇ ನಿನ್ನನ್ನು ತಡೆದೀತು. ಆರ್‌ಡಿಯ ಕಂತು ಸಂಬಳ ಬಂದ ಮರುದಿನವೇ ತಾನಾಗಿ ಹೋಗುವಂತೆ ಇದೆಯಲ್ಲ, ಅದು ಹಾಗೆಯೇ ಇರಲಿ.

ಹೋಟೆಲಿನ ಬಿಲ್ಲನ್ನು ಸಮಪಾಲು ಮಾಡುವಾಗ ನಿಂಬೆ ಸೋಡಾ ಕುಡಿದವಳೂ ಬಿರಿಯಾನಿಯ ಪಾಲು ಕೊಡಬೇಕಾಗುತ್ತದೆ ಎಂದು ನೀನು ದೂರಿದೆ. ಅದನ್ನು ಬಿಲ್ಲು ಬಂದ ಮೇಲೆ ಹೇಳಿದರೆ ಜಿಪುಣತನವಾಗಿ ಕೇಳಿಸುತ್ತದೆ, ತರಿಸುವ ಮೊದಲೇ "ನನ್ನದು ನಾನು ಬೇರೆ ಕೊಡುತ್ತೇನೆ" ಎಂದರೆ ಯಾರೂ ಗಮನಿಸುವುದಿಲ್ಲ. ಡಬ್ಬಿ ಖಾಲಿಯಾದ ತಿಂಗಳು ತಲೆನೋವೆಂದು ಸುಳ್ಳು ಹೇಳಬೇಡ. "ಈ ತಿಂಗಳದ್ದು ಮುಗಿಯಿತು, ಕಬ್ಬನ್ ಪಾರ್ಕಿಗೆ ನಡೆಯುವುದಾದರೆ ಬರುತ್ತೇನೆ" ಎನ್ನು. ನಾಲ್ವರಲ್ಲಿ ಇಬ್ಬರಿಗೆ ಅದೇ ಬೇಕಾಗಿರುತ್ತದೆ, ಹೇಳಲು ನಾಚಿಕೆಪಟ್ಟಿರುತ್ತಾರೆ. ಪ್ರತಿ ಸಲವೂ ಪರ್ಸು ಮರೆತು ಬರುವ ಆ ಹುಡುಗಿಯ ವಿಷಯ ಬೇರೆ. ಅವಳಿಗೆ ಎರಡು ಸಲ ಕೊಡು, ಮೂರನೆಯ ಸಲ ಕೇಳು.

ನಿನ್ನ ಪಿಎಫ್ ತಿಂಗಳು ತಿಂಗಳು ಸಂಬಳದಿಂದ ಮೊದಲೇ ಕಡಿತವಾಗುತ್ತಿದೆ, ಕಂಪನಿಯ ಪಾಲೂ ಸೇರುತ್ತಿದೆ. ಕೆಲಸ ಬದಲಾಯಿಸಿದರೂ ಅದನ್ನು ತೆಗೆಯದೆ ವರ್ಗ ಮಾಡಿಸಿಕೋ. ಇದರ ಬಗ್ಗೆ ಇಷ್ಟೇ.

ಮುಂದಿನ ತಿಂಗಳು ಅತ್ತೆಯ ಮಗನೂ ಅವನ ಹೆಂಡತಿಯೂ ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಬರುತ್ತಾರಂತೆ, ಎರಡು ದಿನ ಇರುತ್ತಾರಂತೆ. ಮದುವೆಗೆ ನೀನು ಬರಲಿಲ್ಲವೆಂಬ ಬೇಸರ ಅತ್ತೆಗೆ ಇನ್ನೂ ಪೂರ್ತಿ ಇಳಿದಿಲ್ಲ. ಒಂದು ಹೊತ್ತು ಒಳ್ಳೆಯ ಕಡೆ ಊಟಕ್ಕೆ ಕರೆದುಕೊಂಡು ಹೋಗು, ಹುಡುಗಿಗೆ ಏನಾದರೂ ಸಣ್ಣ ಉಡುಗೊರೆ ತೆಗೆದಿಡು. ಅವರ ಕೈಯಲ್ಲಿ ಹಲಸಿನ ಹಪ್ಪಳ, ಮಾವಿನ ಮಾಂಬಳ ಕಳುಹಿಸುತ್ತೇನೆ. ಊಟದ ಖರ್ಚನ್ನು ನಾಲ್ಕು ಸಾವಿರದ ಲೆಕ್ಕದಲ್ಲೇ ಬರೆ; ಅಪ್ಪನಿಗೆ ಹೇಳಿ ಹಣ ಹಾಕಿಸಬೇಕೆಂದು ನಾನು ಯೋಚಿಸಿದ್ದೆ, ಆಮೇಲೆ ಬೇಡವೆನಿಸಿತು.

ಇತಿ
ನಿನ್ನ ಅಮ್ಮ